ತವರಿನಿಂದ ಬಾರದ ಸೀರೆ

ಅತ್ತೆಯವರಿಗೆ,

ನಿಮ್ಮ ಅಳಿಯ, ನಿಮ್ಮ ಬಾಯಿಯ ಮಾಪ್ಳೆ, ತಿರುಪ್ಪೂರಿನಿಂದ ಬರೆಯುತ್ತಿದ್ದೇನೆ. ನೀವು ಬದುಕಿದ್ದಾಗ ನಾನು ಕಾಗದ ಬರೆದರೆ, ನಿಮ್ಮ ಮಗಳು ರಂಗಿ ಊರಿಗೆ ಬಂದಾಗ ಅವಳೇ ಅದನ್ನು ಓದಿ ಹೇಳಬೇಕಾಗಿತ್ತು. ಅಲ್ಲಿಯತನಕ ನೀವು ಅದನ್ನು ಸೀರೆಯ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿರುತ್ತಿದ್ದಿರಿ. ತಮಿಳು ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಕಡೆಯವರಿಗೆ ಕನ್ನಡ ನಾಲಿಗೆಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ನನಗೆ ಅಕ್ಷರ ಕಲಿಸಿದ್ದು ತಾಳವಾಡಿಯ ಸೋದರಮಾವ. ಮದುವೆಯಾದ ಹೊಸದರಲ್ಲಿ ರಂಗಿಗೆ ಕಲಿಸಿದ್ದು ನಾನು. ಈಗಲೂ ಅವಳೇ ಓದಿ ಹೇಳಲಿ, ಇಬ್ಬರೂ ಒಂದೇ ಕಡೆ ಇದ್ದೀರಲ್ಲ. ನಿಮ್ಮ ಮಗಳು ಬಂದು ಸೇರಿದಾಗಲೇ ಆಸ್ಪತ್ರೆಯ ಸಂಗತಿಯೆಲ್ಲ ಹೇಳಿರುತ್ತಾಳೆ. ಆದರೆ ತಾನು ಕಣ್ಣು ಮುಚ್ಚಿದ ಮೇಲೆ ಈ ಕಡೆ ಏನೇನಾಯಿತು ಎಂಬುದನ್ನು ಅವಳು ಹೇಗೆ ಹೇಳಿಯಾಳು? ಅದಕ್ಕೇ ಈ ಕಾಗದ.

ಇಂಟರ್‌ಮೀಡಿಯೇಟ್ ಓದುವಾಗ ಇಂಗ್ಲಿಷ್ ಮೇಷ್ಟ್ರು ಕಾಂಡೋಲೆನ್ಸ್ ಲೆಟರ್ ಬರೆಯುವುದನ್ನು ಕಲಿಸಿದ್ದರು. ‘ಐ ಆಮ್ ಡೀಪ್ಲಿ ಗ್ರೀವ್ಡ್ ಟು ಹಿಯರ್’ ಎಂದು ಶುರು ಮಾಡಬೇಕು. ಅದರ ಮುಂದಿನ ಸಾಲು ಮರೆತುಹೋಗಿದೆ. ಅದು ಸತ್ತವರ ಮನೆಯವರಿಗೆ ಬರೆಯುವ ರೀತಿ. ಸತ್ತವರಿಗೇ ಬರೆಯಬೇಕಾಗಿ ಬಂದರೆ ಎಲ್ಲಿಂದ ಶುರು ಮಾಡಬೇಕು ಎನ್ನುವುದು ಸಿಲಬಸ್‌ನಲ್ಲಿ ಇರಲಿಲ್ಲ. ಹೋಗಲಿ, ನಾನು ಸುತ್ತಿ ಬಳಸಿ ಮಾತಾಡುವವನು ಎಂದು ನಿಮಗೆ ಗೊತ್ತೇ ಇದೆ. ‘ಮಾಪ್ಳೆ ಅವಿನಾಶಿಗೆ ಹೋಗೋಕೆ ಪೊಳ್ಳಾಚಿ ಬಸ್ ಹತ್ತುತ್ತಾರೆ’ ಎಂದು ನೀವೇ ಅನ್ನುತ್ತಿದ್ದಿರಿ.

ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದ ಬೆಳಿಗ್ಗೆ ನಮ್ಮ ಬೀದಿಯ ಬನಿಯನ್ ಕಂಪೆನಿಗಳವರು ಮೆಷಿನ್ ನಿಲ್ಲಿಸಿದರು. ಆ ಬೀದಿ ಅಷ್ಟು ಸುಮ್ಮನಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಹೆಂಗಸರು ಅರಿಸಿನ ಹಚ್ಚಿ ನೀರು ಹಾಕಿದರು, ಹಣೆ ತುಂಬ ಕುಂಕುಮ ಇಟ್ಟರು. ನಮ್ಮ ಮನೆಯ ಸೀರೆ ಉಡಿಸಿಯಾಯಿತು. ಆಮೇಲೆ ಎಲ್ಲರೂ ಸುಮ್ಮನೆ ನಿಂತರು. ಯಾಕೆ ನಿಂತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಚಪ್ಪರದ ಕೆಳಗೆ ಕೂತಿದ್ದ ಹಿರಿಯರೊಬ್ಬರು ತಮಿಳಿನಲ್ಲಿ ಕೇಳಿದರು, ‘ಪೊರಂದ ವೀಟ್ಟು ಕೋಡಿ ವಂದಾಚ್ಚಾ?’ ಹುಟ್ಟಿದ ಮನೆಯಿಂದ ಹೊಸ ಸೀರೆ ಬಂತೇ ಎಂದು. ಮುತ್ತೈದೆಯಾಗಿ ಹೋದವಳ ಮೈಮೇಲೆ ಕೊನೆಯದಾಗಿ ಹೊದಿಸುವುದು ತವರಿನ ಸೀರೆ. ಅದು ಬಂದ ಮೇಲೆ ತಾನೇ ಎತ್ತುವುದು?

ಎಲ್ಲರೂ ಬೀದಿಯ ಆ ತುದಿಯನ್ನು ನೋಡುತ್ತಿದ್ದರು. ನಾನೂ ನೋಡಿದೆ. ಯಾರು ಬರಬೇಕು ಅತ್ತೆ? ಮಾವ ಹೋಗಿ ಒಂದು ಕಾಲವಾಯಿತು. ನಿಮಗೆ ಗಂಡು ಮಕ್ಕಳಿಲ್ಲ, ರಂಗಿ ಒಬ್ಬಳೇ. ನೀವೂ ಹೋಗಿಬಿಟ್ಟಿದ್ದಿರಿ. ಅನ್ನೂರಿನ ಆಚೆಯ ನಿಮ್ಮ ಮನೆಯಲ್ಲಿ ಈಗ ಯಾರೋ ಮೋಟಾರ್ ಪಂಪು ರಿಪೇರಿ ಮಾಡುತ್ತಾರೆ. ಹೀಗೆ ಕಾಯುತ್ತಿರುವಾಗ ಎದುರು ಮನೆಯ ಬನಿಯನ್ ಕಂಪೆನಿಯವರ ಹೆಂಡತಿ ತಮ್ಮ ಬೀರುವಿನಿಂದ ಮಡಿಕೆ ಬಿಚ್ಚದ ಒಂದು ಸೀರೆ ತಂದು, ‘ಹುಟ್ಟಿದ ಮನೆಯವರ ಹೆಸರಿನಲ್ಲಿ’ ಎಂದು ಹೊದಿಸಿದರು. ಆ ತಾಯಿ ಚೆನ್ನಾಗಿರಲಿ. ಆದರೆ ಆ ಸೀರೆ ಹೊದಿಸುವಾಗ ಗುಂಪಿನಲ್ಲಿ ಒಬ್ಬರು ‘ಪಾವಂ, ಯಾರೂ ಇಲ್ಲವಂತೆ’ ಎಂದರಲ್ಲ, ಅದು ನನ್ನ ಕಿವಿಯಲ್ಲಿ ಹಾಗೇ ಉಳಿಯಿತು. ನಿಮ್ಮ ಮಗಳು ಯಾರೂ ಇಲ್ಲದವಳೇ? ನೀವು ಅಷ್ಟು ಮುಚ್ಚಟೆಯಿಂದ ಸಾಕಿದವಳು...

ವರ್ಷದ ಎಡೆಗಾದರೂ ನಿಮ್ಮ ಮನೆಯಿಂದ ಒಂದು ಸೀರೆ ಬರಬೇಕು ಎಂದು ಅಂದೇ ಮನಸ್ಸಿನಲ್ಲಿ ಕೂತಿತು. ಅಂಗಡಿಯದ್ದಲ್ಲ. ಅಂಗಡಿಯದ್ದು ಯಾರು ತಂದರೂ ಒಂದೇ. ಹಾಗಾದರೆ ನಿಮ್ಮ ಮನೆಯದ್ದು ಅಂತ ಈ ಲೋಕದಲ್ಲಿ ಉಳಿದಿರುವುದು ಏನು ಎಂದು ಯೋಚಿಸಿ ಯೋಚಿಸಿ, ಕಡೆಗೆ ಮಲಗುವ ಕೋಣೆಯ ಹಾಸಿಗೆಯ ಮೇಲೆ ಕಣ್ಣು ಬಿತ್ತು. ಮದುವೆಗೆ ನೀವು ತುಂಬಿಸಿ ಕೊಟ್ಟದ್ದು. ನಿಮ್ಮ ಹೊಲದ ನಾಟಿ ಹತ್ತಿ, ಉಪ್ಪಂ. ಗಾಡಿಯಿಂದ ಇಳಿಸುವಾಗ ನಾಲ್ಕು ಜನ ಬೇಕಾಯಿತು, ನೆನಪಿದೆಯೇ? ‘ನಮ್ಮ ಹೊಲದ್ದು, ಒಂದು ಹಿಡಿಯೂ ಹೊರಗಿಂದಲ್ಲ’ ಎಂದು ನೀವು ನಮ್ಮ ಅಮ್ಮನಿಗೆ ಕೇಳುವ ಹಾಗೆ ಹೇಳಿದ್ದಿರಿ.

ಆ ಹಾಸಿಗೆಯ ವಿಷಯದಲ್ಲಿ ಸುಮತಿಗೂ ನನಗೂ ಆಗಲೇ ಮಾತು ನಡೆದಿತ್ತು. ನಿಮ್ಮ ಮೊಮ್ಮಗಳು ಈಗ ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿದ್ದಾಳೆ. ಗಂಡನ ಮನೆಯಲ್ಲಿ ಕಬ್ಬಿಣದ ಮಂಚ, ಫೋಮ್ ಹಾಸಿಗೆ. ಬಂದಾಗಲೆಲ್ಲ ‘ಅಪ್ಪಾ, ಆ ಮೆತ್ತೆ ಯಾಕೆ ಇನ್ನೂ ಇಟ್ಕೊಂಡಿದ್ದೀಯ, ಅಮ್ಮ ಅಷ್ಟು ದಿನ ನರಳಿದ್ದು ಅದರ ಮೇಲೇ ಅಲ್ವಾ’ ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ನಮ್ಮಲ್ಲಿ ಹಾಗೆ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ನಾನು ಮಾತ್ರ ಹತ್ತಿ ಹಿಂಜುವ ಸಾಯಬರನ್ನು ಕರೆಸಿ ಹಾಸಿಗೆಯ ಹೊಲಿಗೆ ಬಿಚ್ಚಿಸಿದೆ. ಒಳಗಿನ ಹತ್ತಿ ಗಟ್ಟಿಯಾಗಿ, ಕಂದಾಗಿ, ಒತ್ತಿದ ಅವಲಕ್ಕಿಯ ಹಾಗೆ ಕೂತಿತ್ತು. ಅವರು ಹಿತ್ತಲಿನಲ್ಲಿ ಬಿಲ್ಲು ನೇತು ಹಾಕಿ ತಂತಿ ಮೀಟಿದರು. ಟೊಂಯ್ ಟೊಂಯ್ ಎಂದು ಸದ್ದು ಏಳುತ್ತಿದ್ದ ಹಾಗೆ ಹತ್ತಿ ಒಂದೊಂದೇ ಎಳೆ ಬಿಟ್ಟು ಹಾರಿ, ಹಿತ್ತಲೆಲ್ಲ ತುಂಬಿ, ನನ್ನ ರೆಪ್ಪೆಯ ಮೇಲೂ ಕೂತಿತು. ಅಷ್ಟು ವರ್ಷ ನಾವಿಬ್ಬರೂ ಮಲಗಿ ಒತ್ತಿದ್ದು. ನೋಡುತ್ತಾ ನಿಲ್ಲಲು ಆಗಲಿಲ್ಲ, ಒಳಗೆ ಹೋದೆ.

ಹತ್ತಿ ಮಂಡಿಯಲ್ಲಿ ನಾನು ಮಾಡುತ್ತಿದ್ದ ಕೆಲಸ ನೀವು ಒಮ್ಮೆ ಬಂದು ನೋಡಿದ್ದಿರಿ. ಮೂಟೆಯಿಂದ ಒಂದು ಚಿಟಿಕೆ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದು ಎಳೆದು ಜೋಡಿಸಿ, ಎಳೆಯ ಉದ್ದ ನೋಡುವುದು. ಸ್ಟೇಪಲ್ ಲೆಂಗ್ತ್ ಅನ್ನುತ್ತಾರೆ. ಆಗ ನೀವು ಕೇಳಿದಿರಿ, ‘ಎಳೀತೀರಿ, ನೋಡ್ತೀರಿ, ಬಿಸಾಕ್ತೀರಿ. ಇದಕ್ಕೆ ಸಂಬಳ ಕೊಡ್ತಾರಾ?’ ಜೀವಮಾನವೆಲ್ಲ ಹತ್ತಿಯ ಜೊತೆಗೇ ಇದ್ದೆ, ಆದರೆ ಹತ್ತಿ ನೂಲಾಗುವ ತನಕ ನಾನು ಅದರ ಜೊತೆ ನಡೆದವನಲ್ಲ. ಮೂಟೆ ಗೇಟು ದಾಟಿದರೆ ನನ್ನ ಲೆಕ್ಕ ಮುಗಿಯಿತು. ನಿಮ್ಮ ಹಾಸಿಗೆಯ ಹತ್ತಿಯನ್ನು ಹಾಗೇ ಎಳೆದು ನೋಡಿದೆ. ಮೊದಲೇ ಗಿಡ್ಡ ಎಳೆ, ಈಗ ಹಳೆಯದಾಗಿ ಇನ್ನೂ ಗಿಡ್ಡ. ನೂಲಲು ಬರುವುದು ಕಷ್ಟ ಎಂದು ಕೈಗೆ ತಿಳಿಯಿತು. ತಿಳಿದರೆ ಬಿಡುವುದಕ್ಕಾಗುತ್ತದೆಯೇ?

ನೀವು ಹೋದ ಮೇಲೆ ನಿಮ್ಮ ರಾಟೆಯನ್ನು ರಂಗಿ ತಂದು ಅಟ್ಟದ ಮೇಲೆ ಇಟ್ಟಿದ್ದಳು. ಇಳಿಸಿ, ಒರೆಸಿ, ಹೊಸ ದಾರ ಕಟ್ಟಿ, ನೂಲು ಸುತ್ತುವ ಕದಿರಿಗೆ ಎಣ್ಣೆ ಬಿಟ್ಟೆ. ನೀವು ನಡುಮನೆಯಲ್ಲಿ ಕಂಬಕ್ಕೆ ಒರಗಿ ನೂಲುತ್ತಿದ್ದುದು, ನಾನು ಊಟ ಮುಗಿಸಿ ಎದುರಿಗೆ ಕೂತು ಎಲೆ ಹಾಕಿಕೊಳ್ಳುತ್ತಿದ್ದುದು, ಅದೇ ನನ್ನ ಪಾಠ. ಬೇರೆ ಯಾರನ್ನು ಕೇಳಲಿ? ಅರಳೆಯನ್ನು ಮರದ ಮಣೆಯ ಮೇಲೆ ತೆಳ್ಳಗೆ ಹರಡಿ, ಜೋಳದ ದಂಟಿಗೆ ಸುತ್ತಿ, ದಂಟು ಎಳೆದುಬಿಟ್ಟರೆ ಉದ್ದಕ್ಕೆ ಬತ್ತಿಯಂಥ ಹಂಜಿ ಉಳಿಯುತ್ತದೆ. ಅದು ನೆನಪಿತ್ತು. ಕದಿರಿಗೆ ಮೊದಲೇ ಒಂದು ತುಂಡು ನೂಲು ಕಟ್ಟಿ, ಅದರ ತುದಿಗೆ ಹಂಜಿಯನ್ನು ತಗುಲಿಸಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈ ಹಿಂದಕ್ಕೆ ಎಳೆಯಬೇಕು. ಅದೂ ನೆನಪಿತ್ತು. ಆದರೆ ಎಷ್ಟು ಎಳೆಯಬೇಕು, ಎಷ್ಟು ಬಿಡಬೇಕು ಎನ್ನುವುದು ನಿಮ್ಮ ಕೈಯಲ್ಲಿತ್ತು, ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ.

ಮೊದಲ ದಿನಗಳಲ್ಲಿ ಆದದ್ದು ನೂಲಲ್ಲ, ಮರಿಹುಳು. ಒಂದು ಕಡೆ ಬೆರಳು ದಪ್ಪ, ಇನ್ನೊಂದು ಕಡೆ ಕೂದಲಿಗಿಂತ ಸಣ್ಣ. ಹಂಜಿಯನ್ನು ಗಟ್ಟಿಯಾಗಿ ಹಿಡಿದರೆ ಹತ್ತಿ ಬರುವುದಿಲ್ಲ, ಸಡಿಲ ಬಿಟ್ಟರೆ ಇಡೀ ಹಂಜಿಯೇ ಓಡಿಹೋಗುತ್ತದೆ. ಹಕ್ಕಿಮರಿ ಹಿಡಿದ ಹಾಗೆ ಹಿಡಿಯಬೇಕು ಎಂದು ಆಮೇಲೆ ತಿಳಿಯಿತು. ಹುರಿ ಕಡಿಮೆಯಾದರೆ ಎಳೆ ಸುಮ್ಮನೆ ಬಿಟ್ಟುಕೊಂಡು ಬೇರೆಯಾಗುತ್ತದೆ, ಜಗಳವಿಲ್ಲ, ಸದ್ದಿಲ್ಲ. ಹೆಚ್ಚಾದರೆ ಮುರುಟಿಕೊಂಡು ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ಮತ್ತೆ ಈ ಹುರಿ ಎನ್ನುವುದು ಯಾವಾಗಲೂ ಸಣ್ಣ ಜಾಗಕ್ಕೇ ಓಡುತ್ತದೆ ಅತ್ತೆ. ದಪ್ಪ ಇರುವ ಕಡೆ ಹೋಗುವುದಿಲ್ಲ. ಮೊದಲೇ ಸಣ್ಣಗಾಗಿರುವ ಕಡೆಗೇ ಹೋಗಿ ಹೋಗಿ ಕೂತು, ಅಲ್ಲೇ ತುಂಡಾಗಿಸುತ್ತದೆ. ಆಸ್ಪತ್ರೆಯಲ್ಲಿ ರಂಗಿಯ ಮಣಿಕಟ್ಟು ನೋಡಿದಾಗಿನಿಂದ ನನಗೆ...

ಬೇಡ, ಅದು ಬೇಡ. ತುಂಡಾದದ್ದನ್ನು ಗಂಟು ಹಾಕಬಾರದು ಎಂಬುದು ಮಾತ್ರ ನೀವು ಬಾಯಿಬಿಟ್ಟು ಹೇಳಿದ್ದು. ರಂಗಿಗೆ ಹೇಳುತ್ತಿದ್ದಿರಿ, ನಾನು ಎದುರಿಗೆ ಕೂತು ಕೇಳಿಸಿಕೊಂಡೆ. ‘ಗಂಟು ಹಾಕಿದ್ರೆ ನೇಯೋನಿಗೆ ಶಾಪ ಕಣೇ. ಎರಡು ತುದೀನೂ ಬಿಡಿಸಿ ನವಿರು ಮಾಡಿ, ಒಂದರ ಮೇಲೊಂದು ಮಲಗಿಸಿ ತಿರುಗಿಸು, ತಾವೇ ಹಿಡ್ಕೊತವೆ.’ ಹಾಗೇ ಮಾಡಿದೆ. ಆಡಿ ತಿಂಗಳ ಗಾಳಿ ಮುಗಿದು ದೀಪಾವಳಿಯ ಹೊತ್ತಿನ ಐಪ್ಪಸಿ ಮಳೆ ಬರುವ ಹೊತ್ತಿಗೆ ಕೈಗೆ ಬುದ್ಧಿ ಬಂತು. ಚಕ್ರ ತಿರುಗಿಸುವುದು, ಎಳೆಯುವುದು, ಕೈ ಚಾಚಿದಷ್ಟು ನೂಲಾದ ಮೇಲೆ ಒಂದು ಚೂರು ಹಿಮ್ಮುಖ ತಿರುಗಿಸಿ ಕದಿರಿಗೆ ಸುತ್ತುವುದು. ಬೆಳಿಗ್ಗೆ ಬೀದಿಯ ಮೆಷಿನ್‌ಗಳು ಶುರುವಾದಾಗ ನಾನೂ ಕೂರುತ್ತಿದ್ದೆ. ಒಂದು ಕಂಪೆನಿ ಒಂದು ಗಂಟೆಯಲ್ಲಿ ನುಂಗುವ ನೂಲು ನಾನು ಒಂದು ವರ್ಷ ನೂತರೂ ಆಗುವುದಿಲ್ಲ. ಆದರೂ ನೂಲಿನ ಲಡಿಗಳು ಸೇರುತ್ತಾ ಹೋದವು. ನೀರಿನಲ್ಲಿ ನೆನೆಸಿ, ಕೆಳಗೆ ಒರಳುಕಲ್ಲಿನ ಗುಂಡು ನೇತುಹಾಕಿ ಒಣಗಿಸಿದೆ. ಒಂದು ಸೀರೆಗೆ ಆಗುತ್ತದೆ ಎಂದು ಧೈರ್ಯ ಬಂತು.

ಪೊಂಗಲ್‌ಗೆ ಸುಮತಿ ಬಂದಿದ್ದಾಗ ಲಡಿಗಳನ್ನು ತೋರಿಸಿದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು, ‘ಸರಿ ಅಪ್ಪಾ, ಸೀರೆ ಆಗುತ್ತೆ. ತರೋರು ಯಾರು? ನೀನೇ ನೂತು, ನೀನೇ ತಂದು, ನೀನೇ ಬಾಗಿಲಲ್ಲಿ ನಿಂತು ಇಸ್ಕೊತೀಯಾ?’ ಅತ್ತೆ, ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಗಂಡ ಕೊಟ್ಟದ್ದು ಗಂಡನ ಮನೆಯದ್ದೇ ಆಗುತ್ತದೆ. ಆ ಮನೆಯಲ್ಲಿ ಹುಟ್ಟಿದವರ ಕೈ ಬೇಕು. ಹುಟ್ಟಿದವರಲ್ಲಿ ಉಳಿದಿರುವವರು ಇಡೀ ಲೋಕದಲ್ಲಿ ಒಬ್ಬರೇ. ಅವರ ಹೆಸರು ಬರೆದರೆ ನೀವು ಕಾಗದ ಕೇಳುವುದನ್ನೇ ನಿಲ್ಲಿಸುತ್ತೀರೋ ಏನೋ. ರಂಗೀ, ನಿಲ್ಲಿಸಬೇಡ, ಓದು. ಮಾವನ ತಂಗಿ, ನಿಮ್ಮ ನಾದಿನಿ, ನಂಜಮ್ಮನವರು. ರಂಗಿಯ ನಂಜತ್ತೆ.

ತುಡಿಯಲೂರಿನಲ್ಲಿ ಬಸ್ಸು ಇಳಿದು, ಫೌಂಡ್ರಿಗಳ ಹಿಂದಿನ ಬೀದಿಯಲ್ಲಿ ಅವರ ಮಗನ ಮನೆ ಹುಡುಕಿದೆ. ಜಗಲಿಯ ಮೇಲೆ ಕೂತಿದ್ದರು. ಎಂಬತ್ತು ದಾಟಿದೆ, ಎರಡು ಕಣ್ಣಿಗೂ ಪೊರೆ. ಯಾರು ಎಂದರು. ರಂಗಿಯ ಗಂಡ ಎಂದೆ. ‘ರಂಗಿ ಗಂಡನಾ,’ ಎಂದರು. ‘ರಂಗಿ ಹೋದ ಸುದ್ದಿ ನನಗೆ ಸಂತೇಲಿ ಸಿಕ್ತು ಮಾಪ್ಳೆ. ಕತ್ರಿಕಾಯಿ ತೂಗ್ತಾ ತೂಗ್ತಾ ಹೇಳಿದ್ಲು ಒಬ್ಳು. ಕೂತ್ಕೊಳ್ಳಿ. ಕಾಪಿ ಕುಡೀತೀರಾ, ಇಲ್ಲಾ ಈ ಮನೇಲಿ ಕುಡೀಬೇಡ ಅಂತ ನಿಮ್ಮತ್ತೆ ಹೇಳಿ ಹೋಗಿದಾಳಾ?’ ಎರಡು ಮನೆಗಳ ನಡುವೆ ಮಾತು ನಿಂತು ಅಷ್ಟು ಕಾಲವಾಗಿತ್ತು. ಸುದ್ದಿ ಕಳಿಸಬೇಕು ಎಂದು ಆ ದಿನ ಯಾರಿಗೂ ತೋಚಿರಲಿಲ್ಲ. ನಾನು ಕಾಪಿ ಕುಡಿದೆ. ಬಂದ ಕಾರಣ ಹೇಳಿ, ಗಂಟು ಬಿಚ್ಚಿ ಲಡಿಗಳನ್ನು ಅವರ ಮಡಿಲಿನಲ್ಲಿ ಇಟ್ಟೆ.

ಅವರು ಒಂದು ಎಳೆ ಹಿಡಿದು ಹೆಬ್ಬೆರಳಿನಿಂದ ಹೊಸೆದು ನೋಡಿದರು. ತುಟಿಗೆ ತಾಗಿಸಿ ನೋಡಿದರು. ಮತ್ತೊಂದು ಲಡಿಯ ಎಳೆ, ಇನ್ನೊಂದು ಲಡಿಯ ಎಳೆ. ಯಾರು ನೂತಿದ್ದು ಎಂದರು. ನಾನೇ ಎಂದೆ. ಎಲ್ಲಾನೂ? ಎಲ್ಲಾನೂ.

‘ಎಡಹುರಿ,’ ಎಂದರು. ‘ಎಡಕ್ಕೆ ತಿರುಗಿಸಿದ್ದೀರಿ. ಎಡಹುರಿ ಯಾವುದಕ್ಕೆ ಹಾಕ್ತಾರೆ ಗೊತ್ತಾ ಮಾಪ್ಳೆ? ಚಟ್ಟ ಕಟ್ಟೋ ಹಗ್ಗಕ್ಕೆ. ಮುತ್ತೈದೆಯಾಗಿ ಹೋದವಳಿಗೆ ತವರಿಂದ ಇದನ್ನಾ ಕೊಡೋದು?’

ಆ ಮಾತು ಕೇಳಿದಾಗ ನನಗೆ ಹೇಗಾಯಿತು ಎಂದು ಬರೆಯಲು ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ನಿಮ್ಮ ರಾಟೆ, ನಿಮ್ಮ ಹತ್ತಿ, ನಿಮ್ಮಿಂದಲೇ ಕಲಿತದ್ದು ಎಂದು ತೊದಲಿದೆ. ಅವರು ನಕ್ಕುಬಿಟ್ಟರು. ಬಾಯಲ್ಲಿ ಹಲ್ಲಿಲ್ಲ, ಆದರೂ ಒಳ್ಳೆಯ ನಗು ಅವರದು. ‘ನಮ್ಮತ್ತಿಗೆಗೆ ಬಾಯಿ ಎಡ, ಕೈ ಬಲ. ಅವಳು ಎಡಕ್ಕೆ ತಿರುಗಿಸೋಳಲ್ಲ. ನೀವು ಅವಳ ಎದುರಿಗೆ ಕೂತು ನೋಡಿರ್ತೀರಿ. ಆಚೆಯಿಂದ ನೋಡಿದ್ರೆ ಚಕ್ರ ಎಡಕ್ಕೇ ಹೋದ ಹಾಗೆ ಕಾಣುತ್ತೆ. ಪಕ್ಕದಲ್ಲಿ ಕೂತು ಕಲೀಬೇಕಿತ್ತು.’ ನಿಜ ಅತ್ತೆ. ಅಳಿಯ ಅತ್ತೆಯ ಪಕ್ಕದಲ್ಲಿ ಕೂರುವುದುಂಟೇ? ಎದುರಿಗೇ ಕೂತಿದ್ದೆ. ಕನ್ನಡಿಯಲ್ಲಿ ನೋಡಿಕೊಂಡು ಕಲಿತ ಹಾಗಾಯಿತು. ನೂತದ್ದನ್ನು ಬಿಚ್ಚಿ ಮತ್ತೆ ಹತ್ತಿ ಮಾಡಲು ಬರುವುದಿಲ್ಲ. ಎಡೆಗೆ ಇನ್ನೆಷ್ಟು ದಿನ ಉಳಿದಿತ್ತು?

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು, ಹತ್ತಿ ಎಲ್ಲಿಯದು ಎಂದು. ಮದುವೆಯ ಹಾಸಿಗೆಯದು ಎಂದೆ. ಅವರ ಬೆರಳು ನಿಂತಿತು. ಅವರು ಹೇಳಿದ್ದನ್ನು ನಾನು ಕೂಡಿಸದೆ ಕಳೆಯದೆ ಬರೆಯುತ್ತೇನೆ. ಪೊಂಗಲ್ ಬರುವ ತೈ ತಿಂಗಳ ಮೊದಲ ಕಟಾವಿನಲ್ಲಿ, ಕೊಟ್ಟು ಕಳಿಸಿದ ಹೆಣ್ಣು ಮಕ್ಕಳಿಗೆ ಒಂದು ಬುಟ್ಟಿ ಹತ್ತಿ ಕಳಿಸುವುದು ನಿಮ್ಮ ಮನೆಯ ಪದ್ಧತಿ. ದೀಪದ ಬತ್ತಿಗೆ, ಉಡಿದಾರಕ್ಕೆ. ಅಣ್ಣ ತೀರಿಕೊಂಡ ಮೇಲೂ ಬರುತ್ತಿತ್ತು. ರಂಗಿಯ ಮದುವೆಯ ವರ್ಷ ಬರಲಿಲ್ಲ. ಅವರು ಮದುವೆಗೆ ಬರಲಿಲ್ಲ. ನೀವು ಆಮೇಲೆ ಕರೆಯಲಿಲ್ಲ. ‘ಹತ್ತಿಗಲ್ಲ ಮಾಪ್ಳೆ,’ ಎಂದರು. ‘ಹತ್ತಿ ಮೆಟ್ಟುಪಾಳ್ಯಂ ಸಂತೇಲಿ ಬೇಕಾದಷ್ಟು ಸಿಗುತ್ತೆ. ಆ ಮನೇಲಿ ನಾನೊಬ್ಳು ಹುಟ್ಟಿದ್ದೆ ಅನ್ನೋದನ್ನ ಮರೆತ್ರಲ್ಲ ಅಂತ.’ ನೀವು ಮರೆತಿರಾ ಅತ್ತೆ? ಇಲ್ಲ ಆ ವರ್ಷ ಕಾಯಿಗೆ ಹುಳ ಬಿದ್ದು ಹತ್ತಿ ಕಮ್ಮಿಯಾಗಿ, ನಾಲ್ಕು ಜನ ಎತ್ತುವ ಹಾಸಿಗೆಯನ್ನೇ ಕೊಡಬೇಕೆಂದು, ಬೀಗರ ಮುಂದೆ ತಲೆ ತಗ್ಗಬಾರದೆಂದು... ನನಗೆ ಗೊತ್ತಿಲ್ಲ. ರಂಗಿಗೂ ನೀವು ಹೇಳಿರಲಿಲ್ಲ. ಏಳುವಾಗ ಅವರು ಅಂದದ್ದು ಇಷ್ಟೇ, ‘ಗಂಟು ಇಲ್ಲೇ ಬಿಟ್ಟು ಹೋಗಿ.’

ಶಿವರಾತ್ರಿ ಕಳೆದ ಮೇಲೆ ಅವರ ಮಗ ತಿರುಪ್ಪೂರಿಗೆ ಬಂದವರು, ಅಮ್ಮ ಕರೆಯುತ್ತಾರೆ ಎಂದರು. ಹೋದೆ. ಜಗಲಿಯ ಮೇಲೆ ಅವರದೇ ರಾಟೆ ಹಾಕಿಕೊಂಡು ಕೂತಿದ್ದರು. ಎರಡು ತೆಂಗಿನ ಚಿಪ್ಪಿನಲ್ಲಿ ನನ್ನ ನೂಲಿನ ಎರಡು ಉಂಡೆ. ಎರಡೂ ಎಳೆಗಳನ್ನು ಒಂದೇ ಕೈಯ ಬೆರಳ ಸಂದಿಯಲ್ಲಿ ಹಿಡಿದು ಚಕ್ರವನ್ನು ಬಲಕ್ಕೆ ತಿರುಗಿಸುತ್ತಿದ್ದರು. ಕಣ್ಣು ಎಲ್ಲೋ, ಕೈ ಎಲ್ಲೋ. ಇಲ್ಲಿ ಬಂದು ಪಕ್ಕದಲ್ಲಿ ಕೂತುಕೊಳ್ಳಿ, ಎದುರಿಗೆ ಬೇಡ ಎಂದರು. ಕೂತೆ. ಎಡಕ್ಕೆ ತಿರುಗಿದ ಎರಡನ್ನು ಜೊತೆ ಮಾಡಿ ಬಲಕ್ಕೆ ತಿರುಗಿಸಿದರೆ ಎರಡರ ಮೊಂಡುತನವೂ ಒಂದಿಷ್ಟು ಇಳಿದು, ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಮುಟ್ಟಿ ನೋಡಿದೆ. ಬಲಹುರಿ. ಒಂಟಿ ನೂಲಿಗಿಂತ ಗಟ್ಟಿ, ಮುರುಟಿಲ್ಲ. ಕೈಯೂ ಆ ಮನೆಯಲ್ಲಿ ಹುಟ್ಟಿದವರದ್ದೇ. ಆದರೆ ಎರಡು ಒಂದಾದ ಮೇಲೆ ಉದ್ದ ಅರ್ಧವಾಯಿತು. ಸೀರೆ ಹೋಯಿತು.

ಸಿರುಮುಗೈಯ ನೇಕಾರರು ನಮ್ಮ ಮಾತು ಆಡುವವರೇ. ಅವರಲ್ಲೊಬ್ಬರು ನೂಲು ನೋಡಿ, ಉದ್ದದ ಎಳೆಗೆ ಇದು ತಡೆಯುವುದಿಲ್ಲ, ಮಗ್ಗದ ಏಟಿಗೆ ಸವೆದು ಹೋಗುತ್ತದೆ, ಅಡ್ಡಕ್ಕೆ ಹಾಕಿಕೊಡುತ್ತೇನೆ ಎಂದರು. ಹಾಗೆ ಉದ್ದಕ್ಕೆ ಮಿಲ್ಲಿನ ನೂಲು, ಅಡ್ಡಕ್ಕೆ ನಮ್ಮದು. ಆದದ್ದು ಮೊಳ ಲೆಕ್ಕದ ಒಂದು ತುಂಡು. ಹಾಸಿಗೆಯ ಹತ್ತಿಯಲ್ಲವೇ, ಬಿಳಿ ಅನ್ನಲಾಗದು, ಹಾಲಿಗೆ ಒಂದು ತೊಟ್ಟು ಕಾಪಿ ಬಿದ್ದ ಹಾಗೆ. ನಂಜತ್ತೆಯ ಕೈಯಲ್ಲಿ ಇಟ್ಟು, ಇದು ಸೀರೆಯಾಗಲಿಲ್ಲ ಎಂದೆ. ಅವರು ತಮ್ಮ ಮಡಿಲಿನ ಮೇಲೆ ಹರಡಿ ಅಳತೆ ನೋಡಿದರು. ‘ಮಡಿಲಿಗೆ ಸಾಕು,’ ಎಂದರು.

ವರ್ಷದ ಎಡೆಯ ದಿನ ಬೆಳಿಗ್ಗೆ ಮನೆ ತುಂಬ ಜನ. ಎಲೆ ಹಾಕಿ, ಫೋಟೋಗೆ ಹೂ ಹಾಕಿ, ಎಲ್ಲ ಆಗಿತ್ತು. ಎರಡು ಬಸ್ಸು ಬದಲಿಸಿ, ಮಗನ ಭುಜ ಹಿಡಿದು, ನಂಜತ್ತೆ ಬಂದರು. ಹಿತ್ತಾಳೆ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಬಳೆ, ಎಲೆ ಅಡಿಕೆ, ಅದರ ಮೇಲೆ ಆ ಬಟ್ಟೆ. ಹೊಸಿಲಿನ ಆಚೆಗೇ ನಿಂತು, ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿದರು, ‘ತವರಿನವರು ಬಂದಿದ್ದೀವಿ.’ ನಾನು ಚೊಂಬಿನಲ್ಲಿ ನೀರು ಕೊಟ್ಟೆ. ಅವರು ಕಾಲು ತೊಳೆದು ಒಳಗೆ ಬಂದರು. ಹೆಂಗಸರು ದಾರಿ ಬಿಟ್ಟರು. ಆ ದಿನ ಸೀರೆ ತಂದು ಹೊದಿಸಿದ ಎದುರು ಮನೆಯ ತಾಯಿಯೂ ನಿಂತಿದ್ದರು, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಈಗ ಬರೆಯುವುದನ್ನು ನಿಮಗೆ ತಿಳಿಸಬೇಕೆಂದೇ ಇಷ್ಟು ಸುತ್ತಿ ಬಂದೆ ಅತ್ತೆ. ನಂಜತ್ತೆ ಫೋಟೋದ ಮುಂದೆ ಕೂತು, ಚೌಕಟ್ಟು ಎಲ್ಲಿದೆ ಎಂದು ಕೈಯಲ್ಲಿ ತಡವಿ ತಿಳಿದುಕೊಂಡು, ಬಟ್ಟೆಯನ್ನು ಅದರ ಕೆಳಗೆ ಹರಡಿದರು. ತಮ್ಮ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳುವ ಹಕ್ಕಿತ್ತು. ಅವರು ಅಂದದ್ದು, ‘ರಂಗೀ, ತಡವಾಯ್ತು ಮಗಳೇ. ನಿಮ್ಮಮ್ಮ ಕಳಿಸಿದಾಳೆ.’

ನೀವು ಕಳಿಸಿದಿರಿ ಎಂದು ಅವರ ಬಾಯಿಂದ ಬಂತು. ಕೇಳಿಸಿತೇ?

ಊಟವಾದ ಮೇಲೆ ಸುಮತಿ ಆ ಬಟ್ಟೆಯನ್ನು ಎತ್ತಿ ಭುಜದ ಮೇಲೆ ಹಾಕಿಕೊಂಡಳು, ಯಾರಿಗೂ ಕೊಡಲಿಲ್ಲ. ಜನ ಹೋದರು. ಮನೆ ಮೊದಲಿನ ಹಾಗೇ ಆಯಿತು. ಸೀರೆ ಬಂದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ ಅತ್ತೆ. ರಂಗಿ ಬಂದು ನೋಡಲಿಲ್ಲವಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ನಂಜತ್ತೆ ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಾ, ಮಳೆ ಬರುತ್ತಾ ಎಂದು ಕೇಳುವ ದನಿಯಲ್ಲೇ ಕೇಳಿದರು, ‘ನನಗೂ ಅದೇ ಮನೆ ತಾನೇ ಮಾಪ್ಳೆ ತವರು. ನಂದು ಯಾರು ತರ್ತಾರೆ?’

ನಾನು ತರುತ್ತೇನೆ ಎಂದೆ. ಯೋಚಿಸಿ ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

‘ನೀವು ಆ ಮನೆಗೆ ಯಾರು? ಅಳಿಯ. ಅಳಿಯ ತಂದ್ರೆ ತವರಿಂದಾಗುತ್ತಾ?’ ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡರು. ‘ನೂಲು ಬಲಕ್ಕಿದ್ರೆ ಆಗುತ್ತೆ,’ ಎಂದರು.

ಹಾಗಾಗಿ ಮತ್ತೆ ರಾಟೆಯ ಮುಂದೆ ಕೂತಿದ್ದೇನೆ. ಹಾಸಿಗೆಯ ಹತ್ತಿ ಇನ್ನೂ ಇದೆ. ನಾನು ಚಾಪೆಯ ಮೇಲೆ ಮಲಗುತ್ತೇನೆ, ಬೆನ್ನಿಗೆ ಅದೇ ಒಳ್ಳೆಯದಂತೆ. ಕೈ ಈಗಲೂ ತಾನಾಗಿ ಎಡಕ್ಕೇ ಹೋಗುತ್ತದೆ, ನಿಲ್ಲಿಸಿ ಬಲಕ್ಕೆ ತಿರುಗಿಸುತ್ತೇನೆ. ಕಲಿತದ್ದನ್ನು ಬಿಡುವುದು ಕಲಿಯುವುದಕ್ಕಿಂತ ಕಷ್ಟ. ನಿಮ್ಮ ನಾದಿನಿ ಹೋಗುವ ದಿನ ಬೀದಿಯ ತುದಿ ನೋಡುತ್ತಾ ಯಾರೂ ಕಾಯಬೇಕಾಗಿಲ್ಲ. ನಿಮ್ಮ ಮನೆಯ ಹೆಸರು ಹೇಳಿ ನಾನು ಹೊಸಿಲಿನ ಆಚೆ ನಿಂತಿರುತ್ತೇನೆ. ಬೇಡ ಎನ್ನಬೇಡಿ. ರಂಗೀ, ಈ ಸಾಲನ್ನು ಅವರಿಗೆ ಮೆಲ್ಲಗೆ ಓದು.

ಅಮಾವಾಸ್ಯೆ ಕಳೆದ ಮೇಲೆ ತುಡಿಯಲೂರಿಗೆ ಹೋಗಿ ಬರುವುದು ಈಗ ವಾಡಿಕೆಯಾಗಿದೆ. ಹೋದಾಗಲೆಲ್ಲ ಎಷ್ಟಾಯಿತು ಎಂದು ಕೇಳುತ್ತಾರೆ. ಮೊನ್ನೆಯೂ ಕೇಳಿದರು. ಸೆರಗಿಗೆ ಆಗುವಷ್ಟೂ ಆಗಿಲ್ಲ ನಂಜತ್ತೆ, ಹತ್ತಿ ಹಳೆಯದು, ಬಹಳ ತುಂಡಾಗುತ್ತದೆ ಎಂದೆ. ‘ನಿಧಾನ ಮಾಡಿ, ಅವಸರ ಏನು,’ ಎಂದು ಸೊಸೆಯನ್ನು ಕೂಗಿ ನನಗೆ ಇನ್ನೊಂದು ಲೋಟ ಕಾಪಿ ಹಾಕಿಸಿದರು. ನೂಲು ಸೆರಗಿನ ಅಳತೆ ದಾಟಿ ಬಹಳ ದಿನವಾಯಿತು ಅತ್ತೆ. ನಾನು ಹೇಳಿಲ್ಲ.